ಸಭಾಗೃಹದಲ್ಲಿ ಮಾತು ಕೇಳಿಸದಿದ್ದರೆ ತಪ್ಪು ಮೈಕಿನದ್ದೇ?

ಮುಂಬಯಿ: ಮಹಾನಗರದ ಕನ್ನಡ ಸಂಘಗಳ ಕಾರ್ಯಕ್ರಮಗಳಿಗೆ ತಪ್ಪದೆ ಬರುವ ಹಿರಿಯರ ದೂರೊಂದು ಹೊಸದೇನಲ್ಲ. 'ಕಲಾವಿದರು ಚೆನ್ನಾಗಿ ಅಭಿನಯಿಸಿದರು, ಆದರೆ ಒಂದು ಮಾತೂ ಸರಿಯಾಗಿ ತಿಳಿಯಲಿಲ್ಲ' ಎಂಬುದೇ ಆ ದೂರು. ಪದಾಧಿಕಾರಿಗಳು ಧ್ವನಿವರ್ಧಕದವರಿಗೆ ಕೈಸನ್ನೆ ಮಾಡುತ್ತಾರೆ, ಶಬ್ದ ಹೆಚ್ಚುತ್ತದೆ, ಮಾತು ಇನ್ನಷ್ಟು ಕಲಸಿಹೋಗುತ್ತದೆ. ಮುಂದಿನ ವರ್ಷ ದಾನಿಗಳ ನೆರವಿನಿಂದ ಇನ್ನೂ ದೊಡ್ಡ ಸ್ಪೀಕರುಗಳು ಬರುತ್ತವೆ. ದೂರು ಮಾತ್ರ ಹಾಗೆಯೇ ಉಳಿಯುತ್ತದೆ. ಅನೇಕ ಕಡೆ ದೋಷವಿರುವುದು ಮೈಕಿನಲ್ಲಲ್ಲ, ಸಭಾಗೃಹದ ಗೋಡೆ, ನೆಲ ಮತ್ತು ಛಾವಣಿಯಲ್ಲಿ.

ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ವೇದಿಕೆಯ ಮಾತು ಶ್ರೋತೃವಿನ ಕಿವಿಗೆ ನೇರವಾಗಿ ತಲುಪುವುದರ ಜೊತೆಗೆ ಗೋಡೆ, ಛಾವಣಿಗಳಿಗೆ ತಾಗಿ ಮರಳಿಯೂ ಬರುತ್ತದೆ. ಗಾರೆ, ಅಮೃತಶಿಲೆ, ಟೈಲ್ಸ್, ಗಾಜು ಇವೆಲ್ಲ ಧ್ವನಿಯ ಬಹುಪಾಲನ್ನು ಹಿಂದಿರುಗಿಸುವ ಗಟ್ಟಿ ವಸ್ತುಗಳು. ಹೀಗೆ ಮರಳಿದ ಧ್ವನಿಗಳು ಒಂದರ ಮೇಲೊಂದು ಬಿದ್ದು ಸ್ವಲ್ಪ ಹೊತ್ತು ಉಳಿಯುವುದೇ ಅನುರಣನ. ಮೊದಲ ಅಕ್ಷರ ಅಡಗುವ ಮುನ್ನವೇ ಎರಡನೆಯ ಅಕ್ಷರ ಹೊರಟರೆ ಮಾತು ಗೊಜ್ಜಾಗುತ್ತದೆ. ಧ್ವನಿವರ್ಧಕವನ್ನು ಏರಿಸಿದರೆ ನೇರ ಧ್ವನಿಯ ಜೊತೆಗೆ ಈ ಗೊಜ್ಜೂ ಅಷ್ಟೇ ಏರುತ್ತದೆ.

ಇದರ ಅತಿದೊಡ್ಡ ಉದಾಹರಣೆ ಕನ್ನಡಿಗರ ನಾಡಿನಲ್ಲೇ ಇದೆ. 17ನೇ ಶತಮಾನದಲ್ಲಿ ನಿರ್ಮಾಣವಾದ ವಿಜಯಪುರದ ಗೋಲಗುಮ್ಮಟದ ಗ್ಯಾಲರಿಯಲ್ಲಿ ಒಂದು ಬದಿಯಲ್ಲಿ ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕೇಳಿಸುತ್ತದೆ. ಒಮ್ಮೆ ಕೂಗಿದರೆ ಹಲವು ಬಾರಿ ಪ್ರತಿಧ್ವನಿಸುತ್ತದೆ. ಪ್ರವಾಸಿಗರಿಗೆ ಇದು ಸೋಜಿಗ. ಆದರೆ ಅಲ್ಲಿ ತಾಳಮದ್ದಳೆಯ ಅರ್ಥಧಾರಿಯೊಬ್ಬರು ಮಾತಿಗಿಳಿದರೆ ಯಾರಿಗೂ ಅರ್ಥವಾಗಲಾರದು.

ದಿಂಬುಗಳು ಕಲಿಸಿದ ಪಾಠ

ಈ ವಿಷಯವನ್ನು ಮೊದಲ ಬಾರಿಗೆ ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಅಧ್ಯಾಪಕ ವ್ಯಾಲೇಸ್ ಕ್ಲೆಮೆಂಟ್ ಸೇಬೈನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಪಾಠವೇ ಕೇಳಿಸದೆ ಹೋದಾಗ ಪರಿಹಾರ ಹುಡುಕುವ ಕೆಲಸ ಅವರಿಗೆ ಬಂತು. ಖಾಲಿ ಕೊಠಡಿಯಲ್ಲಿ ಒಂದು ಸದ್ದು ಅಡಗಲು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಸೇಬೈನ್ ಅವರು ಸಮೀಪದ ಸ್ಯಾಂಡರ್ಸ್ ಥಿಯೇಟರಿನ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ಹೊತ್ತುತಂದು, ಹರಡಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಸಮಯ ಅಳೆದರು. ದಿಂಬುಗಳು ಹೆಚ್ಚಿದಂತೆ ಅನುರಣನ ಇಳಿಯಿತು. 1900ರಲ್ಲಿ ಪ್ರಾರಂಭವಾದ ಬೋಸ್ಟನ್ನಿನ ಸಿಂಫನಿ ಹಾಲ್‌ಗೆ ಅವರ ಲೆಕ್ಕವೇ ಆಧಾರವಾಯಿತು.

ಮುಂಬಯಿಯಲ್ಲೂ ಇಂತಹ ಮಾದರಿಯೊಂದಿದೆ. 1980ರಲ್ಲಿ ನರಿಮನ್ ಪಾಯಿಂಟಿನ ಎನ್‌ಸಿಪಿಎಯಲ್ಲಿ ಉದ್ಘಾಟನೆಗೊಂಡ ಟಾಟಾ ಥಿಯೇಟರಿನ ಧ್ವನಿವಿನ್ಯಾಸ ಅಮೆರಿಕದ ತಜ್ಞ ಸಿರಿಲ್ ಹ್ಯಾರಿಸ್ ಅವರದ್ದು. ಮೈಕಿಲ್ಲದೆಯೇ ಸಂಗೀತ ಕೇಳಿಸಬೇಕೆಂಬುದು ಅದರ ಉದ್ದೇಶವಾಗಿತ್ತು.

ಸಾಮಾನ್ಯ ಸಭಾಗೃಹದ ಲೆಕ್ಕ

ಸೇಬೈನ್ ಸೂತ್ರ ಸರಳವಾದುದು. ಕೊಠಡಿಯ ಘನ ಅಳತೆಯನ್ನು 0.16ರಿಂದ ಗುಣಿಸಿ, ಒಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಸೆಕೆಂಡುಗಳು ದೊರೆಯುತ್ತವೆ. 15 ಮೀಟರ್ ಉದ್ದ, 10 ಮೀಟರ್ ಅಗಲ, 4 ಮೀಟರ್ ಎತ್ತರದ ಸಭಾಗೃಹವೊಂದನ್ನು ತೆಗೆದುಕೊಳ್ಳೋಣ. ಅದರ ಘನ ಅಳತೆ 600 ಘನ ಮೀಟರ್. ಗಾರೆ ಗೋಡೆ, ಟೈಲ್ಸ್ ನೆಲ, ಪ್ಲಾಸ್ಟಿಕ್ ಕುರ್ಚಿ ಇಷ್ಟೇ ಇದ್ದರೆ ಒಟ್ಟು ಹೀರಿಕೆ ಅಂದಾಜು 13.5 ಚದರ ಮೀಟರ್ ಮಾತ್ರ. ಖಾಲಿ ಸಭಾಗೃಹದಲ್ಲಿ ಸದ್ದು ಏಳು ಸೆಕೆಂಡು ಸುಳಿದಾಡುತ್ತದೆ.

ಮನುಷ್ಯರ ಮೈ, ಬಟ್ಟೆಗಳೂ ಧ್ವನಿ ಹೀರುತ್ತವೆ. ತಲಾ 0.45 ಚದರ ಮೀಟರಿನಂತೆ ಲೆಕ್ಕ ಹಾಕಿದರೆ 200 ಮಂದಿ ಸೇರಿದಾಗ ಅನುರಣನ ಒಂದು ಸೆಕೆಂಡಿಗಿಂತ ಕೆಳಗಿಳಿಯುತ್ತದೆ. ಮಾತಿಗೆ ಬೇಕಾದುದೂ ಸುಮಾರು ಅಷ್ಟೇ. ಆದರೆ 50 ಮಂದಿ ಬಂದ ದಿನ ಅದು 2.7 ಸೆಕೆಂಡು. ವಾರ್ಷಿಕೋತ್ಸವದಂದು ಚೆನ್ನಾಗಿ ಕೇಳಿಸಿದ ಸಭಾಗೃಹದಲ್ಲೇ ಕವಿಗೋಷ್ಠಿ ಯಾಕೆ ಕೇಳಿಸುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಜನ ಕಡಿಮೆ ಬರುವ ಕಾರ್ಯಕ್ರಮಕ್ಕೇ ಧ್ವನಿಯೂ ಕೈಕೊಡುತ್ತದೆ.

ಛಾವಣಿಗೆ ಧ್ವನಿ ಹೀರುವ ಮಿನರಲ್ ಫೈಬರ್ ಹಲಗೆ ಅಥವಾ ರಂಧ್ರವಿರುವ ಹಲಗೆಯ ಹಿಂದೆ ಗ್ಲಾಸ್‌ವೂಲ್ ಹಾಕಿಸಿ, ಅದು ತಾಗಿದ ಧ್ವನಿಯ ಶೇ. 60ರಷ್ಟನ್ನು ಹೀರಿದರೆ, ಅದೇ 50 ಮಂದಿಗೆ ಅನುರಣನ 0.8 ಸೆಕೆಂಡಿಗೆ ಇಳಿಯುತ್ತದೆ. ಬರೀ ಪಿಒಪಿ ಛಾವಣಿ ನೋಡಲು ಚೆಂದ, ಆದರೆ ಮಾತಿನ ಧ್ವನಿಯನ್ನು ಅದು ಹೀರುವುದು ಕಡಿಮೆ. ಹಿಂಗೋಡೆಗೆ ನೆರಿಗೆಯುಳ್ಳ ದಪ್ಪ ಪರದೆ, ಮೆತ್ತನೆಯ ಆಸನಗಳು ಕೂಡ ಸಹಾಯಕ. ಸ್ಪೀಕರುಗಳನ್ನು ಗೋಡೆಯತ್ತ ತಿರುಗಿಸದೆ ಪ್ರೇಕ್ಷಕರತ್ತ ತಿರುಗಿಸಿಡುವುದಕ್ಕೆ ಖರ್ಚೇ ಇಲ್ಲ. ಹಾಗೆಂದು ವಿಪರೀತ ಹೀರಿಕೆಯೂ ಬೇಡ. ಭಜನೆ, ಸಂಗೀತಕ್ಕೆ ಒಂದಿಷ್ಟು ಅನುರಣನ ಇದ್ದರೇನೇ ಸೊಗಸು.

ಹೀರುವುದು ಬೇರೆ, ತಡೆಯುವುದು ಬೇರೆ

ಇಲ್ಲೊಂದು ತಪ್ಪು ತಿಳುವಳಿಕೆ ಸಾಮಾನ್ಯವಾಗಿದೆ. ಚೆಂಡೆಯ ಸದ್ದು ನೆರೆಮನೆಗೆ ಹೋಗದಿರಲೆಂದು ಗೋಡೆಗೆ ಫೋಮ್, ಥರ್ಮೊಕೋಲ್, ಮೊಟ್ಟೆಯ ಟ್ರೇ ಅಂಟಿಸುವವರಿದ್ದಾರೆ. ಇಂತಹ ಹಗುರ ವಸ್ತುಗಳು ಧ್ವನಿಯನ್ನು ಹೊರಗೆ ಹೋಗದಂತೆ ತಡೆಯಲಾರವು. ತಡೆಯಲು ಬೇಕಾದುದು ಭಾರ. ಗೋಡೆಯ ತೂಕ ಇಮ್ಮಡಿಯಾದರೆ ದಾಟುವ ಧ್ವನಿ ಸುಮಾರು 5ರಿಂದ 6 ಡೆಸಿಬೆಲ್ ಕಡಿಮೆಯಾಗುತ್ತದೆ. ಜೊತೆಗೆ ಸಂದುಗಳನ್ನು ಮುಚ್ಚಬೇಕು. ಗೋಡೆ ಎಷ್ಟೇ ದಪ್ಪವಿದ್ದರೂ ಅದರ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಬಿಗಿಯಾದ ಚೌಕಟ್ಟು ಇವು ಮೊದಲ ಹೆಜ್ಜೆ. ಮೇಲಂತಸ್ತಿನಲ್ಲಿ ಗೆಜ್ಜೆ ಕಟ್ಟಿ ಕುಣಿಯುವ ಅಭ್ಯಾಸವಿದ್ದರೆ ನೆಲಕ್ಕೆ ದಪ್ಪ ರಬ್ಬರ್ ಹಾಸು ಅಗತ್ಯ, ಯಾಕೆಂದರೆ ಹೆಜ್ಜೆಯ ಪೆಟ್ಟು ಕಟ್ಟಡದ ಮೂಲಕವೇ ಕೆಳಗಿಳಿಯುತ್ತದೆ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ನಿಗದಿಪಡಿಸಿದವು. ರಾತ್ರಿಯೆಂದರೆ 10ರಿಂದ ಬೆಳಗ್ಗೆ 6ರ ತನಕ. ಹೌಸಿಂಗ್ ಸೊಸೈಟಿಗಳ ನಡುವೆ ನಡೆಯುವ ಸಂಘಗಳಿಗೆ ನೆರೆಯವರ ಸ್ನೇಹ ಉಳಿಸಿಕೊಳ್ಳಲೂ ಇದು ಮುಖ್ಯ.

ಅಗ್ಗದ ಫೋಮ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ 'ದಿ ಸ್ಟೇಷನ್' ಎಂಬ ಸಂಗೀತ ಕ್ಲಬ್ಬಿನಲ್ಲಿ ಧ್ವನಿ ತಗ್ಗಿಸಲೆಂದು ಗೋಡೆಗೆ ಅಂಟಿಸಿದ್ದ ಫೋಮಿಗೆ ವೇದಿಕೆಯ ಬಾಣಬಿರುಸಿನ ಕಿಡಿ ತಗುಲಿ ನಿಮಿಷಗಳಲ್ಲೇ ಬೆಂಕಿ ವ್ಯಾಪಿಸಿತು. 100 ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿ ನಿರೋಧಕ ಎಂಬ ಪ್ರಮಾಣಪತ್ರವಿಲ್ಲದ ಯಾವ ವಸ್ತುವನ್ನೂ ಜನ ಸೇರುವ ಜಾಗಕ್ಕೆ ತರಬಾರದು.

ಸಭಾಗೃಹದ ನವೀಕರಣಕ್ಕೆ ದೇಣಿಗೆ ಎತ್ತುವ ಮುನ್ನ ಸಮಿತಿಯವರು ಖಾಲಿ ಸಭಾಗೃಹದ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಲಿ. ಸದ್ದು ಎರಡು-ಮೂರು ಸೆಕೆಂಡು ಉಳಿದರೆ ದೊಡ್ಡ ಸ್ಪೀಕರಿನ ಕೊಟೇಶನ್ ಬದಿಗಿಟ್ಟು ಛಾವಣಿಯತ್ತ ಕಣ್ಣು ಹಾಯಿಸುವುದು ಒಳಿತು. ಕಿವಿ ಮಂದವಾಗುತ್ತಿರುವ ಹಿರಿಯರಿಗೆ ಈ ಗೊಜ್ಜಿನಿಂದ ಮಾತನ್ನು ಹೆಕ್ಕಿ ತೆಗೆಯುವುದು ಇತರರಿಗಿಂತ ಕಷ್ಟ. ಎರಡು ಲೋಕಲ್ ಬದಲಿಸಿ ಕನ್ನಡದ ನಾಲ್ಕು ಮಾತು ಕೇಳಲು ಬರುವವರೂ ಹೆಚ್ಚಾಗಿ ಅವರೇ. ಆ ನಾಲ್ಕು ಮಾತು ಅವರಿಗೆ ಕೇಳಿಸುವಂತೆ ನೋಡಿಕೊಳ್ಳುವುದು ಸಂಘದ ಮೊದಲ ಕೆಲಸವಾಗಬೇಕು.