ಹುಣಿಸೆಬೀಜ ಬಿಡಿಸಿದ ಜಗಳ

ಹಬ್ಬದ ಹೊತ್ತಿಗೆ ಸಕ್ಕರೆ ಸಿಗಲಿಲ್ಲವೆಂದು ಮೂಲೆಯಂಗಡಿಯವರ ಮೇಲೆ ರೇಗಿ, ಅಲ್ಲಿಗೆ ಹೋಗೋದನ್ನೇ ಬಿಟ್ಟಿದ್ದೆ. ನನ್ನ ಕಣ್ಣು ತೆರೆಸಿದ್ದು ಒಂದು ಆಟ!

1960ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲಿ ಜೇ ಫಾರೆಸ್ಟರ್ ಅವರ ಬಳಗ ಕಟ್ಟಿದ ಆಟವಿದು. ಅಲ್ಲಿ ಬಿಯರ್ ಪೆಟ್ಟಿಗೆಯ ಲೆಕ್ಕ. ನಮ್ಮ ಮಹಿಳಾ ಸಮಾಜದಲ್ಲಿ ಹುಣಿಸೆಬೀಜವೇ ಸಕ್ಕರೆ ಮೂಟೆ.

ನಾಲ್ವರು ಸಾಲಾಗಿ ಕೂರಬೇಕು: ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಮಾತಾಡುವಂತಿಲ್ಲ. ಬೇಕಾದಷ್ಟನ್ನು ಚೀಟಿಯಲ್ಲಿ ಬರೆದು ಪಕ್ಕದವರಿಗೆ ದಾಟಿಸಬೇಕು. ಒಂದು ಸುತ್ತೆಂದರೆ ಒಂದು ವಾರ. ಕೇಳಿದ ಸರಕು ಕೈಸೇರಲು ಕೆಲವು ವಾರ ಹಿಡಿಯುತ್ತದೆ. ಗಿರಾಕಿ ಮೊದಲ ನಾಲ್ಕು ವಾರ 4 ಮೂಟೆ, ಐದನೆಯ ವಾರದಿಂದ 8 ಮೂಟೆ ಕೇಳುತ್ತಾನೆ. ಅಷ್ಟೇ, ಮುಂದೆ ಬದಲಾವಣೆಯಿಲ್ಲ. ಆದರೆ ಗಿರಾಕಿಯ ಚೀಟಿ ಅಂಗಡಿಯವಳಿಗೆ ಮಾತ್ರ ಕಾಣುತ್ತದೆ.

ಅಂಗಡಿಯವಳು ನಾನೇ! ಸರಕು ಬರಲಿಲ್ಲವೆಂದು ಗಾಬರಿಯಾಗಿ 12, 16 ಅಂತ ಬರೆದೆ. ಪಕ್ಕದವರು ಇನ್ನಷ್ಟು ಸೇರಿಸಿದರು. ಕಾರ್ಖಾನೆ ಮುಟ್ಟುವಾಗ 40! ಮೊದಲು ಎಲ್ಲರ ತಟ್ಟೆ ಖಾಲಿ, ಆಮೇಲೆ ಯಾರಿಗೂ ಬೇಡದ ಬೀಜದ ರಾಶಿ. ಒಬ್ಬರನ್ನೊಬ್ಬರು ಬೈದದ್ದೇ ಬೈದದ್ದು. ಕೊನೆಗೆ ಚೀಟಿಗಳನ್ನು ಬಿಚ್ಚಿಟ್ಟು ನೋಡಿದರೆ ತಪ್ಪು ಯಾರೊಬ್ಬರದೂ ಅಲ್ಲ. ಆಗಲೇ ಕೇಳಿದ್ದು, ದಾರಿಯಲ್ಲಿರೋದು ಎಷ್ಟೆಂದು ಲೆಕ್ಕವಿಟ್ಟಿದ್ದರೆ ಇಷ್ಟು ಕಷ್ಟವೇ ಆಗುತ್ತಿರಲಿಲ್ಲ.

ಮಾರನೆಯ ದಿನ ಚೀಲ ಹಿಡಿದು ಮೂಲೆಯಂಗಡಿಗೇ ಹೋದೆ. ನೀವೂ ಒಮ್ಮೆ ಆಡಿ ನೋಡಿ, ಸೋದರಿಯರೇ.