ಒಂದು ಹೆಸರು, ಹಲವು ಬೇರು

ಮಗು ಕರೆದರೆ ತಿರುಗಿ ನೋಡುವುದಿಲ್ಲ. ಮಾತು ಕಲಿಯುವ ವಯಸ್ಸಿನಲ್ಲಿ ಮೌನವಾಗಿದೆ. ಆಟದ ಬಂಡಿಯನ್ನು ಓಡಿಸುವುದಕ್ಕೆ ಬದಲಾಗಿ ಅದರ ಚಕ್ರವೊಂದನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕುಳಿತಿರುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು, ಇಂಥ ಸ್ಥಿತಿಗೆ ಆಟಿಸಂ ಎಂಬ ಹೆಸರನ್ನು ಬಳಸಿದರು. ನಾವು ಅದನ್ನು ಸ್ವಲೀನತೆ ಎನ್ನುತ್ತೇವೆ.

ಹೆಸರು ಬಂದಿತು, ಅದರ ಹಿಂದೆಯೇ ಒಂದು ಅಪವಾದವೂ ಬಂದಿತು. ತಾಯಿಯ ಪ್ರೀತಿ ತಣ್ಣಗಿದ್ದುದರಿಂದಲೇ ಮಗು ತನ್ನೊಳಗೆ ಸರಿಯಿತೆಂದು ಹಲವು ವಿದ್ವಾಂಸರು ಸಾರಿದರು. ಈ ಕ್ರೂರ ತೀರ್ಪನ್ನು ಅಲುಗಿಸಿದ್ದು 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಬ್ರಿಟನ್ನಿನ 21 ಅವಳಿ ಜೋಡಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನ. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಕಾರಣ ತಾಯಿಯ ಮಡಿಲಲ್ಲಿಲ್ಲ, ಬಹುಮಟ್ಟಿಗೆ ವಂಶವಾಹಿಗಳಲ್ಲಿದೆ ಎಂಬುದು ಅಂದಿನಿಂದ ಸ್ಪಷ್ಟವಾಗುತ್ತ ಬಂದಿತು.

ಜ್ವರವೆಂಬುದು ಒಂದೇ ಮಾತು. ಅದರ ಹಿಂದೆ ಮಲೇರಿಯ ಇರಬಹುದು, ಟೈಫಾಯ್ಡ್ ಇರಬಹುದು; ಔಷಧ ಮಾತ್ರ ಬೇರೆ ಬೇರೆ. ಆಟಿಸಂ ಕೂಡ ಹಾಗೆಯೇ ಒಂದು ಹೆಸರು, ಹಲವು ಬೇರು. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದಕ್ಕೆ ಸಂಬಂಧಿಸಿದ 102 ವಂಶವಾಹಿಗಳನ್ನು ಗುರುತಿಸಿತು. ಇವುಗಳಲ್ಲಿನ ಎಷ್ಟೋ ವ್ಯತ್ಯಾಸಗಳು ತಂದೆತಾಯಿಯರಲ್ಲಿ ಇಲ್ಲದೆ ಮಗುವಿನಲ್ಲಿಯೇ ಹೊಸದಾಗಿ ಮೂಡಿದಂಥವು.

ಬೇರು ತಿಳಿದರೆ ಮದ್ದು ಸಿಕ್ಕೀತೆ? ಕೆಲವೆಡೆ, ಸ್ವಲ್ಪಮಟ್ಟಿಗೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯನ್ನು ನೋಡೋಣ. ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಎರಡು ವಂಶವಾಹಿಗಳಲ್ಲಿ ಒಂದು ಕೆಟ್ಟರೆ ಮಿದುಳು, ಮೂತ್ರಪಿಂಡ, ಚರ್ಮಗಳಲ್ಲಿ ಗಂಟುಗಳು ಬೆಳೆಯುತ್ತವೆ. ಈ ಕಾಯಿಲೆಯುಳ್ಳ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಆಟಿಸಂ ಇರುತ್ತದೆ. ಇಂಥ ಶಿಶುವಿಗೆ ಸೆಳವು ಬಂದಾಗ ವಿಗಾಬಾಟ್ರಿನ್ ಎಂಬ ಔಷಧವನ್ನು ಮೊದಲು ಆರಿಸಬೇಕೆಂದು ವೈದ್ಯರು ಬಲ್ಲರು. ಸಡಿಲಗೊಂಡ ಕಡಿವಾಣವನ್ನು ಮತ್ತೆ ಬಿಗಿಯುವ ಎವೆರೊಲಿಮಸ್ ಗಂಟುಗಳನ್ನೂ ಸೆಳವನ್ನೂ ತಗ್ಗಿಸುತ್ತದೆ. ಆದರೆ ಮಗುವಿನ ಒಡನಾಟವೂ ಸುಧಾರಿಸೀತೆಂಬ ಆಸೆ ಪ್ರಯೋಗಗಳಲ್ಲಿ ಈಡೇರಲಿಲ್ಲ.

ಫ್ರಾಜೈಲ್ ಎಕ್ಸ್ ಎಂಬ ಸ್ಥಿತಿಯ ಕಥೆಯೂ ಇದೇ ಎಚ್ಚರಿಕೆಯನ್ನು ಹೇಳುತ್ತದೆ. ಅದರ ವಂಶವಾಹಿ ಪತ್ತೆಯಾದುದು 1991ರಲ್ಲಿ. ಪ್ರಯೋಗಾಲಯದ ಇಲಿಗಳಲ್ಲಿ ಗೆದ್ದ ಮಾವೊಗ್ಲುರಾಂಟ್ ಎಂಬ ಔಷಧ ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಸೋತಿತು. 2014ರಲ್ಲಿ ಅದನ್ನು ಕೈಬಿಡಲಾಯಿತು.

ಹಾಗಾದರೆ ವಂಶವಾಹಿ ಪರೀಕ್ಷೆ ವ್ಯರ್ಥವೆ? ಅಲ್ಲ. ಕಾರಣ ತಿಳಿದಾಗ ಯಾವ ಅಂಗವನ್ನು ಎಚ್ಚರದಿಂದ ಕಾಯಬೇಕು, ಮುಂದಿನ ಮಗುವಿನ ವಿಷಯದಲ್ಲಿ ಏನು ಯೋಚಿಸಬೇಕು ಎಂಬುದು ಗೊತ್ತಾಗುತ್ತದೆ. ತಾಯಿಯ ಎದೆಯ ಮೇಲಿನ ಅಪರಾಧದ ಭಾರವೂ ಇಳಿಯುತ್ತದೆ. ಆದರೆ ಬಹುಪಾಲು ಮಕ್ಕಳಲ್ಲಿ ಪರೀಕ್ಷೆ ಒಂದೇ ಒಂದು ಕಾರಣವನ್ನು ತೋರಿಸಿಕೊಡುವುದಿಲ್ಲ. ವರದಿಯ ಕಾಗದವೊಂದನ್ನೇ ಮುಂದಿಟ್ಟು ಗುಣಪಡಿಸುವ ಭರವಸೆ ಮಾರುವವರನ್ನು ನಂಬಿ ಒಡವೆ ಅಡವಿಡುವ ಮೊದಲು ತಂದೆತಾಯಿಯರು ಕೇಳಬೇಕಾದ ಪ್ರಶ್ನೆ ಒಂದೇ: ಈ ಫಲಿತಾಂಶದಿಂದ ನನ್ನ ಮಗುವಿನ ಆರೈಕೆಯಲ್ಲಿ ಏನು ಬದಲಾಗುತ್ತದೆ?

ಕಾರಣ ತಿಳಿಯಲಿ, ತಿಳಿಯದಿರಲಿ, ಮಾತು ಮತ್ತು ಒಡನಾಟವನ್ನು ತಾಳ್ಮೆಯಿಂದ ಕಲಿಸುವ ಕೆಲಸ ಉಳಿದೇ ಇರುತ್ತದೆ. ಚಕ್ರ ತಿರುಗಿಸುತ್ತಿರುವ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಅದು ತಲೆಯೆತ್ತಿ ನೋಡುವವರೆಗೆ ತಾನೂ ಒಂದು ಚಕ್ರವನ್ನು ತಿರುಗಿಸುವವರು ಬೇಕು.