ರಬ್ಬರಿನ ಹಾಲು ಮತ್ತು ಮನುಷ್ಯದೇಹ: ಲೇಟೆಕ್ಸ್ ಅಲರ್ಜಿಯಿಂದ ರಕ್ಷಣೆಯ ವಿಚಾರ

ಖಾನಾಪುರ ತಾಲೂಕಿನ ಕಣಕುಂಬಿಯು ಮಲಪ್ರಭೆಯ ಉಗಮಸ್ಥಾನವೆಂಬದು ಸರ್ವವಿದಿತವಾಗಿದೆ. ಜಾಂಬೋಟಿಯಿಂದ ಪಶ್ಚಿಮಕ್ಕೆ 16 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರು ಎತ್ತರದಲ್ಲಿರುವ ಈ ಗ್ರಾಮದ ಸುತ್ತಣ ಕಾಡಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಮೊಟ್ಟಮೊದಲು ತೋರಿಸಬೇಕಾದದ್ದು ಮುಟ್ಟಬಾರದ ಒಂದು ಮರವನ್ನು. ಅದರ ಹೆಸರು ಹೊಲಗೇರು. ಮಾವು, ಗೋಡಂಬಿ, ಕರಿಗೇರುಗಳ ವಂಶಕ್ಕೇ ಸೇರಿದ ಈ ಮರದ ತೊಗಟೆ ಕೊಯ್ದಲ್ಲಿ ರಸವು ಒಸರಿ, ಗಾಳಿ ತಾಕಿ ಕಪ್ಪಾಗುವದು. ಅದು ಚರ್ಮಕ್ಕೆ ತಗಲಿದವರಲ್ಲಿ ಬಹುಜನರಿಗೆ ಒಂದೆರಡು ದಿನಗಳಲ್ಲಿ ಉರಿ, ಬಾವು, ಬೊಬ್ಬೆಗಳು ಕಾಣಿಸಿಕೊಳ್ಳುವವು. 1800-01ರಲ್ಲಿ ಮೈಸೂರು ಮತ್ತು ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಈ ಕುಲಕ್ಕೆ ‘ಹೊಲಿಗಾರ್ನ’ ಎಂದು ಹೆಸರಿಟ್ಟನು. ಕನ್ನಡದ ಹೆಸರೇ ಲ್ಯಾಟಿನ್ನಿನ ಉಡುಪು ತೊಟ್ಟು ಶಾಸ್ತ್ರಗ್ರಂಥಗಳಲ್ಲಿ ಸೇರಿಕೊಂಡಿತು. ಇದರ ಬಳಗದ ಕರಿಗೇರನ್ನು ಮರಾಠಿಯಲ್ಲಿ ಬಿಬ್ಬಾ ಎನ್ನುವರು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರ ರಸದಿಂದಲೇ. ಆ ಗುರುತು ಕತ್ತಿನ ಹಿಂದೆ ತಾಕಿ ಹುಣ್ಣಾದ ಸಂಗತಿಗಳನ್ನು ವೈದ್ಯರು ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಬರೆದಿಟ್ಟಿದ್ದಾರೆ.

ಲೇಟೆಕ್ಸ್ ಅಲರ್ಜಿಯ ವಿಷಯವನ್ನು ಎತ್ತಿಕೊಂಡು ಹೊಲಗೇರಿನ ಮಾತು ಏಕೆ ಎಂದು ವಾಚಕರು ಕೇಳಬಹುದು. ಮರದ ರಸವೊಂದು ಮೈಗೆ ಒಗ್ಗದಿರುವದೆಂದರೆ ನಮ್ಮ ಜನರಿಗೆ ಮೊದಲು ನೆನಪಾಗುವದು ಈ ಬಗೆಯ ಉರಿಬೊಬ್ಬೆ. ರಬ್ಬರಿನ ವಿಷಯದಲ್ಲಿಯೂ ಅದನ್ನೇ ಭಾವಿಸಿ, ‘ಕೈ ತುರಿಸಿದರೆ ಎಣ್ಣೆ ಹಚ್ಚಿಕೊಂಡರಾಯಿತು’ ಎಂದು ಸುಮ್ಮನಾಗುವದುಂಟು. ಇದು ಅಪಾಯಕಾರಿಯಾದ ತಪ್ಪು ತಿಳುವಳಿಕೆಯಾಗಿದೆ. ರಬ್ಬರಿನಿಂದ ಉಂಟಾಗುವ ಅಲರ್ಜಿಯಲ್ಲಿ ಎರಡು ಪ್ರಕಾರಗಳಿವೆ. ಒಂದು ಹೊಲಗೇರಿನದರಂತೆಯೇ ನಿಧಾನವಾಗಿ ಬರುವದು, ಚರ್ಮದಲ್ಲಿಯೇ ಉಳಿಯುವದು, ಪೀಡಿಸಿದರೂ ಪ್ರಾಣ ತೆಗೆಯದು. ಇನ್ನೊಂದು ಕೆಲವೇ ನಿಮಿಷಗಳಲ್ಲಿ ಇಡಿಯ ದೇಹವನ್ನು ಆವರಿಸಿ, ಉಸಿರು ಕಟ್ಟಿಸಿ, ರಕ್ತದೊತ್ತಡವನ್ನು ಕುಸಿಯಿಸಿ ಕೊಲ್ಲಬಲ್ಲುದು.

ಇವೆರಡರ ಕಾರಣಗಳೂ ಬೇರೆ. ರಬ್ಬರಿನ ಮರದ ತೊಗಟೆಯನ್ನು ಕೆತ್ತಿದಾಗ ಸುರಿಯುವ ಹಾಲಿನಂಥ ದ್ರವವೇ ಲೇಟೆಕ್ಸು. ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಕಡೆಯ ತೋಟಗಳಲ್ಲಿ ಬೆಳಗಿನ ಜಾವ ಚಿಪ್ಪುಗಳಲ್ಲಿ ಸಂಗ್ರಹವಾಗುವದನ್ನು ಹಲವರು ನೋಡಿರಬಹುದು. ಅದರಲ್ಲಿ ಪ್ರತಿಶತ 30ರಿಂದ 40ರಷ್ಟು ರಬ್ಬರು, ಪ್ರತಿಶತ ಒಂದೆರಡರಷ್ಟು ಪ್ರೋಟೀನು, ಉಳಿದದ್ದು ಬಹುತೇಕ ನೀರು. ಈ ಹಾಲು ಗಾಯವಾದಾಗ ಮರವು ತನ್ನನ್ನು ಕಾಪಾಡಿಕೊಳ್ಳುವ ಉಪಾಯ. ಅದರಲ್ಲಿನ ಹೆವೀನ್ ಎಂಬ ಪ್ರೋಟೀನು ಶಿಲೀಂಧ್ರಗಳ ಗೋಡೆಯಲ್ಲಿರುವ ಕೈಟಿನ್ನಿಗೆ ಅಂಟಿಕೊಳ್ಳುವದು. ಮರದ ಪಾಲಿಗೆ ಕಾವಲುಗಾರನಾದ ಇದೇ ಪ್ರೋಟೀನನ್ನು ಕೆಲವು ಮನುಷ್ಯರ ದೇಹವು ವೈರಿಯೆಂದು ಬಗೆದು, ಐಜಿಇ ಎಂಬ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುವದು. ಮುಂದೊಮ್ಮೆ ಆ ಪ್ರೋಟೀನು ಒಳಸೇರಿದಾಗ ಹಿಸ್ಟಮೀನು ಮೊದಲಾದವು ಒಮ್ಮೆಲೆ ಬಿಡುಗಡೆಯಾಗಿ ಮೈಮೇಲೆ ದದ್ದು, ಸೀನು, ಉಬ್ಬಸ, ಕೆಲವೊಮ್ಮೆ ಮೂರ್ಛೆ ಉಂಟಾಗುವವು. ಇದು ಶೀಘ್ರ ಪ್ರಕಾರ. ನಿಧಾನ ಪ್ರಕಾರಕ್ಕೆ ಕಾರಣ ಮರದ ಹಾಲಲ್ಲ. ಅದನ್ನು ಹದಗೊಳಿಸುವಾಗ ಕಾರ್ಖಾನೆಯಲ್ಲಿ ಕೂಡಿಸುವ ಥಯುರಾಮ್, ಕಾರ್ಬಮೇಟ್ ಮುಂತಾದ ವೇಗವರ್ಧಕಗಳು.

ಈ ಭೇದವು ಕೈಗವಸನ್ನು ಆರಿಸುವವನಿಗೆ ಬಹಳ ಮುಖ್ಯ. ಹಾಲಿನ ಪ್ರೋಟೀನು ಒಗ್ಗದವನು ನೈಟ್ರೈಲಿನ ಕೈಗವಸು ತೊಟ್ಟರೆ ಸುರಕ್ಷಿತ. ಆದರೆ ವೇಗವರ್ಧಕ ಒಗ್ಗದವನಿಗೆ ಅದರಿಂದ ಲಾಭವಾಗಲೇಬೇಕೆಂದಿಲ್ಲ, ಏಕೆಂದರೆ ನೈಟ್ರೈಲಿನಲ್ಲಿಯೂ ಅನೇಕ ವೇಳೆ ಅವೇ ರಾಸಾಯನಿಕಗಳಿರುತ್ತವೆ. ಮೊದಲನೆಯವನಿಗೆ ಸೂಜಿಚುಚ್ಚು ಪರೀಕ್ಷೆ ಅಥವಾ ರಕ್ತಪರೀಕ್ಷೆ, ಎರಡನೆಯವನಿಗೆ ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆ ಬೇಕು. ಪರೀಕ್ಷೆಯಿಲ್ಲದೆ ಕೈಗವಸು ಬದಲಿಸುತ್ತ ಹೋಗುವದು ಕತ್ತಲೆಯಲ್ಲಿ ತಡಕಾಡಿದಂತೆ.

ರಬ್ಬರಿನ ಕೈಗವಸು ಶಸ್ತ್ರವೈದ್ಯರ ಕೈಯಲ್ಲಿ ನೂರು ವರ್ಷಗಳಿಗಿಂತ ಮೇಲೆ ಇದ್ದರೂ ಈ ಅಲರ್ಜಿಯು ಒಂದು ದೊಡ್ಡ ಸಮಸ್ಯೆಯಾಗಿ ಕಂಡದ್ದು ಈಚೆಗೆ. ಕೈಗವಸಿನ ರಬ್ಬರಿನಿಂದ ಕೂಡಲೇ ದದ್ದು ಏಳುವದನ್ನು 1979ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ವರದಿಯು ಸ್ಪಷ್ಟಪಡಿಸಿತು. ತರುವಾಯ ಎಚ್‌ಐವಿ ರೋಗದ ಭಯದಿಂದ, 1987ರ ಸುಮಾರಿಗೆ, ಪ್ರತಿ ರೋಗಿಯ ರಕ್ತವನ್ನೂ ಸಂಶಯದಿಂದಲೇ ಮುಟ್ಟಬೇಕೆಂಬ ನಿಯಮವು ಅಮೇರಿಕೆಯಲ್ಲಿ ರೂಢವಾಯಿತು. ಕೈಗವಸುಗಳ ಬೇಡಿಕೆಯು ಅಪಾರವಾಗಿ ಬೆಳೆಯಿತು. ಅಚ್ಚನ್ನು ಲೇಟೆಕ್ಸಿನಲ್ಲಿ ಅದ್ದಿ ತೆಗೆದ ಮೇಲೆ ಬಿಸಿನೀರಿನಲ್ಲಿ ಸಾಕಷ್ಟು ಹೊತ್ತು ತೊಳೆದರೆ ಪ್ರೋಟೀನು ಬಹುಮಟ್ಟಿಗೆ ಹೊರಟುಹೋಗುವದು. ಅವಸರದಲ್ಲಿ ತೊಳೆದರೆ ಉಳಿಯುವದು. ಸಲೀಸಾಗಿ ಕೈ ತೂರಲೆಂದು ಒಳಗೆ ಉದುರಿಸುವ ಮೆಕ್ಕೆಜೋಳದ ಪಿಷ್ಟದ ಪುಡಿಯು ಈ ಪ್ರೋಟೀನನ್ನು ಹೀರಿಕೊಂಡು, ಕೈಗವಸನ್ನು ಜಗ್ಗಿ ತೆಗೆದಾಗಲೆಲ್ಲ ಗಾಳಿಯಲ್ಲಿ ಹಾರುವದು. ಹೀಗಾಗಿ ರಬ್ಬರನ್ನು ಮುಟ್ಟದೆಯೇ ಅದೇ ಕೋಣೆಯಲ್ಲಿ ಉಸಿರಾಡುವವನಿಗೂ ಉಬ್ಬಸ ಬರುವದು.

ಹಾರುವ ಪುಡಿಯ ಈ ಸಂಗತಿಯೇ ರಕ್ಷಣೆಯ ವಿಚಾರದ ಕೀಲಿಯೆಂದು ನಮ್ಮ ಅಭಿಪ್ರಾಯ. ಅಲರ್ಜಿಯುಳ್ಳ ದಾದಿಯೊಬ್ಬಳಿಗೆ ನೈಟ್ರೈಲಿನ ಕೈಗವಸು ಕೊಟ್ಟು ‘ನಿನ್ನ ವ್ಯವಸ್ಥೆಯಾಯಿತು’ ಎಂದರೆ ಸಾಲದು. ಅವಳ ಪಕ್ಕದಲ್ಲಿ ನಿಂತವರು ಪುಡಿಯ ಕೈಗವಸು ತೊಟ್ಟಿರುವವರೆಗೆ ಅವಳು ಸುರಕ್ಷಿತಳಲ್ಲ. ಅವಳ ಉಸಿರು ಇರುವದು ನೆರೆಯವರ ಕೈಯಲ್ಲಿ. ಜರ್ಮನಿಯಲ್ಲಿ 1990ರ ದಶಕದ ಕೊನೆಯ ವರ್ಷಗಳಲ್ಲಿ ಪುಡಿಹಚ್ಚಿದ ಲೇಟೆಕ್ಸ್ ಕೈಗವಸುಗಳನ್ನು ದವಾಖಾನೆಗಳಿಂದ ಹೊರಗಿಟ್ಟು, ಪುಡಿಯಿಲ್ಲದ, ಕಡಿಮೆ ಪ್ರೋಟೀನಿನ ಕೈಗವಸುಗಳನ್ನೇ ಬಳಸಬೇಕೆಂದು ವಿಧಿಸಿದರು. ಕೆಲವೇ ವರ್ಷಗಳಲ್ಲಿ ಉದ್ಯೋಗಜನ್ಯ ಲೇಟೆಕ್ಸ್ ಅಲರ್ಜಿಯ ಹೊಸ ಪ್ರಕರಣಗಳು ಗಮನಾರ್ಹವಾಗಿ ಇಳಿದವು. ಅಮೇರಿಕೆಯು ಪುಡಿಯ ಕೈಗವಸುಗಳನ್ನು ನಿಷೇಧಿಸಿದ್ದು ಇಷ್ಟೆಲ್ಲ ಆದ ಮೇಲೆ, 2016ರ ಡಿಸೆಂಬರಿನಲ್ಲಿ. ಅದು ಜಾರಿಗೆ ಬಂದದ್ದು 2017ರ ಜನವರಿಯಲ್ಲಿ. ಇಷ್ಟು ತಡವಾದದ್ದು ಆಶ್ಚರ್ಯದ ಸಂಗತಿ.

ಜರ್ಮನಿಯ ಅನುಭವದಿಂದ ಇನ್ನೊಂದು ಮಾತೂ ಹೊರಡುವದು. ಲೇಟೆಕ್ಸನ್ನು ಸಂಪೂರ್ಣವಾಗಿ ಬಹಿಷ್ಕರಿಸುವದು ಅಗತ್ಯವಿಲ್ಲ. ಅಲರ್ಜಿಯುಳ್ಳವರಿಗೆ ಲೇಟೆಕ್ಸ್ ಇಲ್ಲದ್ದು, ಉಳಿದವರಿಗೆಲ್ಲ ಪುಡಿಯಿಲ್ಲದ್ದು ಎಂಬ ಏರ್ಪಾಡಿನಿಂದಲೇ ಬಹುಪಾಲು ಕೆಲಸವಾಗುವದು. ನೈಟ್ರೈಲು ದುಬಾರಿಯೆಂದು ಹಿಂಜರಿಯುವ ಸಂಸ್ಥೆಗಳು ಇದನ್ನು ಗಮನಿಸಬೇಕು. ಕೊಳ್ಳುವಾಗ ‘ಹೈಪೋಅಲರ್ಜೆನಿಕ್’ ಎಂಬ ಮುದ್ರೆಗೆ ಮರುಳಾಗಬಾರದು. ಆ ಮುದ್ರೆಯಿದ್ದ ಎಷ್ಟೋ ಕೈಗವಸುಗಳಲ್ಲಿ ವೇಗವರ್ಧಕಗಳು ಕಡಿಮೆಯಿದ್ದರೂ ಹಾಲಿನ ಪ್ರೋಟೀನು ಇದ್ದೇ ಇತ್ತು. ಅದಕ್ಕಾಗಿಯೇ ಅಮೇರಿಕೆಯಲ್ಲಿ 1998ರಿಂದ ಲೇಟೆಕ್ಸ್ ಉಪಕರಣಗಳ ಮೇಲೆ ಆ ಶಬ್ದವನ್ನು ಅಚ್ಚುಹಾಕಕೂಡದೆಂದು ಗೊತ್ತುಮಾಡಿದರು.

ಯಾರು ಹೆಚ್ಚು ಎಚ್ಚರದಿಂದಿರಬೇಕು? 2016ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಸಮೀಕ್ಷೆಯ ಪ್ರಕಾರ ಆರೋಗ್ಯಸೇವೆಯಲ್ಲಿರುವವರಲ್ಲಿ ಸರಾಸರಿ ಪ್ರತಿಶತ 9.7, ಸಾಮಾನ್ಯ ಜನರಲ್ಲಿ 4.3 ಮಂದಿಗೆ ಈ ಅಲರ್ಜಿ ಇದೆ. ಎಲ್ಲರಿಗಿಂತ ಹೆಚ್ಚಿನ ಅಪಾಯ ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದ ಮಕ್ಕಳಿಗೆ. ಅವರು ಹುಟ್ಟಿದಂದಿನಿಂದ ಹಲವು ಶಸ್ತ್ರಕ್ರಿಯೆಗಳಿಗೆ, ದಿನನಿತ್ಯ ಮೂತ್ರನಳಿಕೆಗಳಿಗೆ ಒಳಗಾಗಿ ಲೇಟೆಕ್ಸಿನ ಸಂಪರ್ಕದಲ್ಲಿಯೇ ಬೆಳೆಯುತ್ತಾರೆ. ಆದುದರಿಂದ ಅಂಥ ಶಿಶುವಿಗೆ ಮೊದಲನೆಯ ಶಸ್ತ್ರಕ್ರಿಯೆಯಿಂದಲೇ ಲೇಟೆಕ್ಸ್ ತಾಕಿಸಬಾರದೆಂಬ ಪದ್ಧತಿಯು ಅನೇಕ ದೇಶಗಳಲ್ಲಿ ನೆಲೆಗೊಂಡಿದೆ. ದೇಹದ ಒಳಪೊರೆಗಳಿಗೆ ತಾಕಿದ ಲೇಟೆಕ್ಸು ಚರ್ಮಕ್ಕೆ ತಾಕಿದ್ದಕ್ಕಿಂತ ಬಹಳ ಬೇಗ ರಕ್ತಗತವಾಗುವದು. ಎನೀಮಾ ನಳಿಕೆಯ ತುದಿಯಲ್ಲಿದ್ದ ಲೇಟೆಕ್ಸ್ ಬುಗ್ಗೆಯಿಂದ ರೋಗಿಗಳು ಸತ್ತ ಬಳಿಕವೇ ಅಮೇರಿಕೆಯ ಆಹಾರ ಮತ್ತು ಔಷಧ ಆಡಳಿತವು 1991ರಲ್ಲಿ ವೈದ್ಯರಿಗೆ ಎಚ್ಚರಿಕೆಯ ಪತ್ರ ಹೊರಡಿಸಿತು. ದವಾಖಾನೆಯ ಕಸಗುಡಿಸುವವರು, ಕ್ಷೌರದಂಗಡಿಯವರು, ಪ್ರಯೋಗಶಾಲೆಯ ಸಹಾಯಕರು ಇವರನ್ನೂ ಮರೆಯಕೂಡದು; ಪದೇಪದೇ ತೊಳೆದು ಬಿರಿತ ಕೈಯೊಳಗೆ ಪ್ರೋಟೀನು ಸುಲಭವಾಗಿ ಇಳಿಯುವದು. ನಮ್ಮ 1948ರ ಕಾರ್ಖಾನೆಗಳ ಕಾಯಿದೆಯ ಅನುಸೂಚಿಯಲ್ಲಿ ಚರ್ಮದ ಉದ್ಯೋಗಜನ್ಯ ಉರಿಯೂತವೂ ಸೇರಿತ್ತು. ಆದರೆ ಅಲ್ಲಿ ಹೆಸರಿಸಿದ್ದು ರಾಸಾಯನಿಕಗಳನ್ನು ಮತ್ತು ಬಣ್ಣಗಳನ್ನು. ದವಾಖಾನೆಯ ದಾದಿಯ ಕೈಗವಸು ಅದನ್ನು ಬರೆದವರ ಕಣ್ಣೆದುರು ಇದ್ದಂತೆ ತೋರುವದಿಲ್ಲ.

ಸಾರ್ವಜನಿಕ ಸ್ಥಳಗಳ ವಿಷಯಕ್ಕೆ ಬಂದರೆ ಬಲೂನೇ ಮೊದಲನೆಯ ಶಂಕಿತ. ಜಾತ್ರೆಯಲ್ಲಿ, ಹುಟ್ಟುಹಬ್ಬದಲ್ಲಿ, ಕಾಲೇಜಿನ ಸ್ನೇಹಸಮ್ಮೇಲನದಲ್ಲಿ ಬಲೂನು ಊದುವಾಗ ತುಟಿ ಬಾತವರು ಅದನ್ನು ನಕ್ಕು ಮರೆತುಬಿಡುತ್ತಾರೆ. ಆ ಬಾವು ಮುಂದಿನ ಶಸ್ತ್ರಕ್ರಿಯೆಯ ಮೊದಲು ವೈದ್ಯರಿಗೆ ಹೇಳಲೇಬೇಕಾದ ಸಂಗತಿ. ಖಾನಾವಳಿಗಳಲ್ಲಿ ಅಡಿಗೆಯವರು ಲೇಟೆಕ್ಸ್ ಕೈಗವಸು ತೊಟ್ಟು ಬಡಿಸಿದರೆ ಪ್ರೋಟೀನು ಅನ್ನಕ್ಕೂ ಅಂಟುವದು. ಇದಕ್ಕಾಗಿ ಕ್ಯಾಲಿಫೋರ್ನಿಯದಲ್ಲಿ 2020ರಿಂದ ಉಪಾಹಾರಗೃಹಗಳಲ್ಲಿ ಅವನ್ನು ನಿಷೇಧಿಸಿದ್ದಾರೆ. ಅನಾವಶ್ಯಕ ಭಯವೂ ಬೇಡ. ಗೋಡೆಗೆ ಬಳಿಯುವ ‘ಲೇಟೆಕ್ಸ್ ಬಣ್ಣ’ದಲ್ಲಿ ಮರದ ಹಾಲು ಇರುವದಿಲ್ಲ. ಗಟ್ಟಿಯಾದ ಒಣ ರಬ್ಬರಿನ ಟಾಯರು ಮುಂತಾದವುಗಳಲ್ಲಿ ಈ ಪ್ರೋಟೀನು ಅತ್ಯಲ್ಪ. ಅದ್ದಿ ತಯಾರಿಸಿದ ಹಿಗ್ಗುವ ತೆಳು ವಸ್ತುಗಳೇ, ಎಂದರೆ ಕೈಗವಸು, ಬಲೂನು, ನಿರೋಧ, ನಳಿಕೆಗಳೇ ವಿಶೇಷವಾಗಿ ಅಪಾಯದವು.

ಹಣ್ಣುಗಳ ಸಂಬಂಧವು ಇನ್ನೂ ಕುತೂಹಲಕರವಾಗಿದೆ. ಬಾಳೆ, ಬೆಣ್ಣೆಹಣ್ಣು ಮತ್ತು ಚೆಸ್ಟ್‌ನಟ್ಟುಗಳು ಶಿಲೀಂಧ್ರದಿಂದ ರಕ್ಷಣೆಗೆಂದು ಇಟ್ಟುಕೊಂಡಿರುವ ಕೈಟಿನೇಸುಗಳಲ್ಲಿ ಹೆವೀನನ್ನು ಹೋಲುವ ತುಣುಕೊಂದಿದೆ. ರಬ್ಬರಿನ ಹಾಲಿಗೆ ಹಗೆಯಾದ ಪ್ರತಿಕಾಯವು ಆ ತುಣುಕನ್ನೂ ಹಗೆಯೆಂದು ಗುರುತಿಸುವದು. ಹೀಗೆ ಸಂಬಂಧವುಳ್ಳ ಹಣ್ಣುಗಳಲ್ಲಿ ಪಪಾಯಿಯನ್ನೂ ಎಣಿಸುವರು. ಬಾಳೆಹಣ್ಣು ತಿಂದಾಗ ಬಾಯಿ ತುರಿಸುವದೆಂದು ಹೇಳುವವನನ್ನು ಕೈಗವಸಿನ ಬಗ್ಗೆಯೂ ಕೇಳಬೇಕು. ಪ್ರಸಾದವೆಂದು ಕೊಟ್ಟ ಬಾಳೆಹಣ್ಣನ್ನು ತಿನ್ನಲಾರೆನೆಂದು ಹಿಂತೆಗೆದವನನ್ನು ಒತ್ತಾಯಿಸಲೂ ಬಾರದು.

ಈಗ ಮತ್ತೆ ಕಣಕುಂಬಿಗೆ ಬರುವಾ. ಅಲ್ಲಿಯ ಒಬ್ಬ ರೋಗಿಯು ತುರ್ತಿನ ವೇಳೆಯಲ್ಲಿ ಜಾಂಬೋಟಿಯ ಮಾರ್ಗವಾಗಿ ಖಾನಾಪುರಕ್ಕೋ ಬೆಳಗಾವಿಗೋ ಹೋಗಬಹುದು, ಇಲ್ಲವೆ ಚೋರ್ಲಾ ಘಟ್ಟವಿಳಿದು ಗೋವೆಗೆ ಹೋಗಬಹುದು. ಒಂದು ದವಾಖಾನೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಇನ್ನೊಂದಕ್ಕೆ ತಲುಪುವದಿಲ್ಲ. ಮೂರ್ಛೆ ಹೋದವನು ತಾನಾಗಿ ಹೇಳಲಾರ. ಆದಕಾರಣ ‘ಲೇಟೆಕ್ಸ್ ಒಗ್ಗುವದಿಲ್ಲ’ ಎಂಬ ಬರಹವುಳ್ಳ ಚೀಟಿಯು ಅವನ ಜೇಬಿನಲ್ಲಿಯೂ ಮನೆಯವರ ಬಳಿಯಲ್ಲಿಯೂ ಇರಬೇಕು. ಗಡಿಯ ಆ ಊರುಗಳಲ್ಲಿ ಅದು ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಮೂರರಲ್ಲಿಯೂ ಇದ್ದರೆ ಲೇಸು. ಶಸ್ತ್ರಕ್ರಿಯೆಯು ಮೊದಲೇ ಗೊತ್ತಾಗಿದ್ದರೆ, ಪುಡಿಯ ಕೈಗವಸುಗಳನ್ನು ಇನ್ನೂ ಬಿಡದ ಕಡೆ ಅಂಥ ರೋಗಿಯನ್ನು ದಿನದ ಮೊದಲನೆಯ ಸರದಿಗೆ ಹಾಕಬೇಕು; ರಾತ್ರಿಯಲ್ಲಿ ಗಾಳಿಯ ಪುಡಿಯು ಕೆಳಗಿಳಿದಿರುತ್ತದೆ.

ಚಿಕ್ಕ ಆರೋಗ್ಯಕೇಂದ್ರದಲ್ಲಿಯೂ ಇರಬೇಕಾದ ಔಷಧವೆಂದರೆ ಎಡ್ರಿನಲಿನ್. ಉಸಿರು ಕಟ್ಟುವ, ರಕ್ತದೊತ್ತಡ ಕುಸಿಯುವ ಲಕ್ಷಣ ಕಂಡೊಡನೆ ಪ್ರಾಯದವರಿಗೆ ಅರ್ಧ ಮಿಲಿಗ್ರಾಮು, ಎಂದರೆ ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಮಿರುವ ದ್ರಾವಣದ ಅರ್ಧ ಮಿಲಿಲೀಟರನ್ನು, ತೊಡೆಯ ಹೊರಭಾಗದ ಸ್ನಾಯುವಿನಲ್ಲಿ ಚುಚ್ಚಬೇಕೆಂದು ವೈದ್ಯರು ವಿಧಿಸುತ್ತಾರೆ; ಮಕ್ಕಳಿಗೆ ತೂಕಕ್ಕೆ ತಕ್ಕಂತೆ ಕಡಿಮೆ. ಇದರ ಬದಲು ಬರಿಯ ತುರಿಕೆಯ ಮಾತ್ರೆ ಕೊಟ್ಟು ಕಾಯುತ್ತ ಕೂಡ್ರುವದರಿಂದ ಅಮೂಲ್ಯವಾದ ನಿಮಿಷಗಳು ಕಳೆದುಹೋಗುವವು. ಚುಚ್ಚಿದ ಮೇಲೆ ರೋಗಿಯನ್ನು ಮಲಗಿಸಿ, ಉಬ್ಬಸವಿದ್ದರೆ ಒರಗಿಸಿ ಕೂಡ್ರಿಸಿ, 108ಕ್ಕೆ ಕರೆಮಾಡಬೇಕು. ಕರೆಯುವಾಗಲೇ ಲೇಟೆಕ್ಸ್ ಅಲರ್ಜಿಯೆಂದು ತಿಳಿಸಿದರೆ ವಾಹನದಲ್ಲಿ ಬರುವವರು ಬೇರೆ ಕೈಗವಸು ತೊಟ್ಟುಕೊಂಡೇ ಇಳಿಯಬಹುದು.